ಡ್ರೈವರ್ ಪ್ರಮಾಣ ಮೀಮಾಂಸೆ

ಇನ್ನು ಡ್ರೈವರಿನ ಜಿಜ್ಞಾಸೆ. ಡ್ರೈವರ್ ಎಂದೊಡನೆ ಘಟಪ್ರಭಾ ದಂಡೆಯ ಓದುಗರು ಕಬ್ಬಿನ ಟ್ರ್ಯಾಕ್ಟರ್ ನೆನೆದು ರಸ್ತೆ ಬಿಟ್ಟು ಬದಿಗೆ ಸರಿಯುವುದು ಸಹಜ, ಇಲ್ಲಿ ಸರಿಯಬೇಕಾಗಿಲ್ಲ. ವಿಚಾರಕ್ಕೆ ಬಂದಿರುವುದು ಪ್ರಿಂಟರು, ಡಿಸ್ಕು, ಗ್ರಾಫಿಕ್ಸ್ ಕಾರ್ಡುಗಳು ಲಿನಕ್ಸಿನ ಮಾತು ಕೇಳುವಂತೆ ಮಾಡುವ ತಂತ್ರಾಂಶದ ತುಣುಕು. ಯಂತ್ರ ಮಾಡಿದ ಕಂಪನಿಯೇ ಅದನ್ನು ಬರೆದು ತಂದು, ನಾಲ್ಕು ಮಂದಿ ಕೂಡಿ ಕಟ್ಟಿದ ಮುಕ್ತ ತಂತ್ರಾಂಶದ ಬಾಗಿಲಲ್ಲಿ ನಿಂತು, ‘ಇದಕ್ಕೊಂದು ಪ್ರಮಾಣಿತ ಅಂತ ಮುದ್ರೆ ಒತ್ತಿಕೊಡಿ’ ಎಂದರೆ ಒತ್ತಬೇಕೋ ಬೇಡವೋ? ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಎಣಿಸಿದರು. ಸ್ಟಿಕ್ಕರು ಐದನೆಯದೇ ಎಂಬುದನ್ನು ಇತ್ಯರ್ಥ ಮಾಡದೆ ಹೋದರು. ಆ ಕೊರತೆಯನ್ನು ಬೆಳಗಾವಿ ಜಿಲ್ಲೆಯ ಮೂರು ತಾಲ್ಲೂಕುಗಳು ತುಂಬಿಕೊಟ್ಟಿವೆ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ತಾಲ್ಲೂಕಿಗೊಂದರಂತೆ ಇರುವ ಮೂರೂ ಪಂಥಗಳು ಪ್ರಬಂಧಕಾರನ ಸ್ವಂತ ಆವಿಷ್ಕಾರ. ಡಾಕ್ಟರೇಟ್ ಕೊಡಬಯಸುವ ವಿಶ್ವವಿದ್ಯಾಲಯಗಳು ಸಂಕೋಚಪಡಬಾರದು.

ಗೋಕಾಕ ಪಂಥದವರು ಶಬ್ದವಾದಿಗಳು. ಡಬ್ಬಿಯ ಮೇಲೆ ಹೆಸರಿದ್ದರೆ ಒಳಗೆ ವಸ್ತು ಇದ್ದೇ ಇರುತ್ತದೆ ಎಂಬುದು ಇವರ ಮೂಲಸೂತ್ರ. ಇದಕ್ಕೆ ಮೊದಲ ಆಕ್ಷೇಪ ಊರ ಹೆಸರಿನಿಂದಲೇ ಏಳುತ್ತದೆ. 1981ರ ಗೋಕಾಕ ವರದಿಯನ್ನಾಗಲಿ, ಅದರ ಜಾರಿಗಾಗಿ ಮರುವರ್ಷ ರಾಜ್‌ಕುಮಾರ್ ಬೀದಿಗಿಳಿದ ಗೋಕಾಕ ಚಳವಳಿಯನ್ನಾಗಲಿ ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಹೆಸರು ಬಂದದ್ದು ಸಮಿತಿಯ ಅಧ್ಯಕ್ಷರಾಗಿದ್ದ, ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರಿಂದ. ‘ನಿಮ್ಮೂರಿಂದೇ ಅಲ್ವೇ ಚಳವಳಿ?’ ಎಂದು ಬೆಂಗಳೂರಿನವರು ಕೇಳಿದರೆ ಊರವರು ‘ಹೌದ್ರಿ’ ಎಂದು ಕರದಂಟು ಕೈಗಿಟ್ಟು ಮಾತು ಮುಗಿಸುವುದುಂಟು. ಪುಕ್ಕಟೆ ಬಂದ ಮುದ್ರೆಯನ್ನು ಯಾರು ತಾನೇ ವಾಪಸು ಕೊಡುತ್ತಾರೆ?

ಪಂಥದವರು ಇಷ್ಟಕ್ಕೆ ಬಗ್ಗುವವರಲ್ಲ. ಮುದ್ರೆ ಖೊಟ್ಟಿ ಆಗದಂತೆ ಡಿಜಿಟಲ್ ಸಹಿ ಹಾಕಿದರಾಯಿತು ಎನ್ನುತ್ತಾರೆ. ಇದಕ್ಕೆ ಖಂಡನೆ: 2010ರಲ್ಲಿ ಬಯಲಿಗೆ ಬಿದ್ದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ, ರಿಯಲ್‌ಟೆಕ್ ಮತ್ತು ಜೆಮೈಕ್ರಾನ್ ಎಂಬ ತೈವಾನಿನ ಕಂಪನಿಗಳಿಂದ ಕದ್ದ ಸಹಿ ಹೊತ್ತು ಡ್ರೈವರ್ ವೇಷದಲ್ಲೇ ಒಳಗೆ ಹೊಕ್ಕಿತ್ತು. 2021ರಲ್ಲಿ ಸಿಕ್ಕಿಬಿದ್ದ ನೆಟ್‌ಫಿಲ್ಟರ್ ಎಂಬ ಕಳ್ಳ ಡ್ರೈವರಂತೂ ಕದಿಯುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಮೈಕ್ರೊಸಾಫ್ಟಿನ ಸಹಿಯನ್ನು ಮೈಕ್ರೊಸಾಫ್ಟಿನಿಂದಲೇ ಮಾಡಿಸಿಕೊಂಡು ಬಂದಿತ್ತು. ಸಹಿ ಹೇಳುವುದು ಯಾರ ಮನೆಯಿಂದ ಬಂತು ಎಂಬುದನ್ನು ಮಾತ್ರ, ಬಂದದ್ದರ ಗುಣವನ್ನಲ್ಲ.

ಇದಕ್ಕಿಂತ ರಸವತ್ತಾದದ್ದು 2004ರ ಪ್ರಕರಣ. ಲಿನಕ್ಸಿನ ತಿರುಳಾದ ಕರ್ನಲ್ ಯಾವ ಡ್ರೈವರನ್ನೂ ಹೊಗಳುವುದಿಲ್ಲ. ಆದರೆ ಮೂಲ ಸಂಕೇತ ಮುಚ್ಚಿಟ್ಟ ಡ್ರೈವರು ಒಳಗೆ ಬಂದರೆ ತನಗೆ ಮೈಲಿಗೆಯಾಯಿತೆಂದು ದಾಖಲೆ ಬರೆದುಕೊಳ್ಳುತ್ತದೆ. ಪ್ರತಿ ಡ್ರೈವರೂ ತನ್ನ ಪರವಾನಗಿ ಯಾವುದೆಂದು ತಾನೇ ಹೇಳಿಕೊಳ್ಳಬೇಕು. ಲಿನಕ್ಸಾಂಟ್ ಎಂಬ ಕಂಪನಿಯ ಮೋಡೆಮ್ ಡ್ರೈವರು ‘ಜಿಪಿಎಲ್’ ಎಂಬ ಮುಕ್ತ ಪರವಾನಗಿಯ ಹೆಸರು ಬರೆದು, ಒಡನೆಯೇ ಒಂದು ಶೂನ್ಯ ಅಕ್ಷರ ಇಟ್ಟು, ಅದರಾಚೆ ‘ಆ ಹೆಸರಿನ ಫೋಲ್ಡರಿನ ಕಡತಗಳಿಗೆ ಮಾತ್ರ’ ಎಂಬರ್ಥದ ಷರತ್ತು ಸೇರಿಸಿತ್ತು. ಸಿ ಭಾಷೆಯಲ್ಲಿ ಶೂನ್ಯ ಬಂದರೆ ಮಾತು ಮುಗಿಯಿತು. ಕರ್ನಲ್ ‘ಜಿಪಿಎಲ್’ ತನಕ ಓದಿ, ಸಂತೋಷಪಟ್ಟು, ಬಾಗಿಲು ತೆಗೆಯಿತು. ಮೈಲಿಗೆಯ ಸಂದೇಶ ಪದೇ ಪದೇ ಬಂದು ಗಿರಾಕಿಗಳಿಗೆ ಗೊಂದಲವಾಗುತ್ತಿತ್ತು, ಅದಕ್ಕೇ ಹೀಗೆ ಮಾಡಿದೆವು ಎಂದು ಕಂಪನಿ ಸಮಜಾಯಿಷಿ ಕೊಟ್ಟಿತು. ಅಶ್ವತ್ಥಾಮನ ಸುದ್ದಿ ಹೇಳಿದ ಧರ್ಮರಾಯನಿಗೆ ಕೊನೆಯ ಮಾತು ಮುಚ್ಚಲು ಶಂಖನಾದ ಬೇಕಾಯಿತು. ಇವರಿಗೆ ಒಂದು ಸೊನ್ನೆ ಸಾಕಾಯಿತು.

ಮೂಡಲಗಿ ಪಂಥ ಪ್ರತ್ಯಕ್ಷವಾದಿ. ಗೋಕಾಕದಿಂದ ಬೇರೆಯಾಗಿ ತಾಲ್ಲೂಕು ಎಂಬ ಮುದ್ರೆ ಬೀಳುವ ಮೊದಲೂ ಇಲ್ಲಿಯ ಎಮ್ಮೆಗಳು ಹಾಲು ಕೊಡುತ್ತಿದ್ದವು ಎಂಬುದೇ ಇವರ ಆದ್ಯ ಪ್ರಮಾಣ. ಜಾನುವಾರು ಸಂತೆಯಲ್ಲಿ ಎಮ್ಮೆ ಕೊಳ್ಳುವವನು ಹಲ್ಲು ನೋಡುತ್ತಾನೆ, ಎಷ್ಟನೇ ಸೂಲು ಎಂದು ಕೇಳುತ್ತಾನೆ, ಸುಳಿ ನೋಡುತ್ತಾನೆ, ದಲಾಲನ ಮಾತನ್ನು ಕಿವಿಯ ಹೊರಗೇ ನಿಲ್ಲಿಸುತ್ತಾನೆ. ಮಾರುವವನು ಹಿಂದಿನ ಹೊತ್ತು ಹಿಂಡದೆ ಬಿಟ್ಟು ಕೆಚ್ಚಲು ಬಿಗಿಸಿ ತಂದಿರಬಹುದೆಂಬ ಶಂಕೆ ಇದ್ದೇ ಇದೆ. ಆದ್ದರಿಂದ ಒಂದು ಹೊತ್ತಿನ ಹಾಲು ಪ್ರಮಾಣವಲ್ಲ. ಎರಡು ಹೊತ್ತಾದರೂ ಎದುರಿಗೆ ಹಿಂಡಬೇಕು. ‘ಸರ್ಟಿಫಿಕೇಟ್ ಐತ್ರಿ ಯಜಮಾನ್ರ’ ಎಂದರೆ ಈ ಪಂಥದ ಉತ್ತರ ಒಂದೇ: ‘ಕಾಗದ ಹಾಲ ಕೊಡತೈತೇನ್ರಿ? ಹಿಂಡಿ ತೋರಸ್ರಿ.’

ಈ ಸಿದ್ಧಾಂತವನ್ನು ಮೂಡಲಗಿಗೆ ಬಾರದೆಯೇ ಕಂಡುಕೊಂಡವರು ಓಪನ್‌ಸ್ಟ್ಯಾಕಿನವರು. ನಾಸಾ ಮತ್ತು ರ‍್ಯಾಕ್‌ಸ್ಪೇಸ್ 2010ರಲ್ಲಿ ಶುರು ಮಾಡಿದ ಈ ಕ್ಲೌಡ್ ಯೋಜನೆಯಲ್ಲಿ ಡಿಸ್ಕುಗಳ ಉಸ್ತುವಾರಿಗೆ ಸಿಂಡರ್ ಎಂಬ ಭಾಗವಿದೆ. ಅದಕ್ಕೆ ಹತ್ತಾರು ಕಂಪನಿಗಳು ತಂತಮ್ಮ ಸ್ಟೋರೇಜ್ ಡ್ರೈವರುಗಳನ್ನು ತಂದು ಕಟ್ಟಿದವು. ಮೊದಮೊದಲು ಇವರೂ ಪ್ರಮಾಣೀಕರಣ ಎಂಬ ಹೆಸರಿನಲ್ಲೇ ಒಂದು ಪರೀಕ್ಷೆಯ ಸ್ಕ್ರಿಪ್ಟು ಬರೆದರು: ಓಡಿಸಿ, ಫಲಿತಾಂಶ ಕಳಿಸಿ. ಆದರೆ ತಂತ್ರಾಂಶ ದಿನಾ ಬದಲಾಗುತ್ತದೆ. ಸೋಮವಾರ ಪಾಸಾದದ್ದು ಬುಧವಾರದ ತಿದ್ದುಪಡಿಗೆ ಮುಗ್ಗರಿಸುತ್ತದೆ. ಕೊನೆಗೆ, ಸಿಂಡರಿಗೆ ಬರುವ ಪ್ರತಿಯೊಂದು ತಿದ್ದುಪಡಿಯ ಮೇಲೂ ಕಂಪನಿಯವರು ತಮ್ಮದೇ ಯಂತ್ರದಲ್ಲಿ ಪರೀಕ್ಷೆ ಓಡಿಸಿ, ಎಲ್ಲರಿಗೂ ಕಾಣುವಂತೆ ಫಲಿತಾಂಶ ಹಾಕಬೇಕು ಎಂಬ ಕಟ್ಟಳೆ ಬಂತು. ಅದನ್ನು ಪಾಲಿಸದ ಡ್ರೈವರುಗಳನ್ನು 2015ರ ಕಿಲೋ ಆವೃತ್ತಿಯ ಹೊತ್ತಿಗೆ ಗೂಟ ಬಿಚ್ಚಿ ಹೊರಗಟ್ಟಿದರು. ಮುಂದೆ ಇನ್ನೊಂದು ಉಪಾಯ ಸೇರಿತು: 2017ರ ಒಕಾಟಾ ಆವೃತ್ತಿಯ ಹೊತ್ತಿಗೆ, ಪರೀಕ್ಷೆ ತಪ್ಪಿಸಿದ ಡ್ರೈವರಿಗೆ ‘ಬೆಂಬಲವಿಲ್ಲ’ ಎಂಬ ಗುರುತು, ಅದೇ ಬೇಕೆಂದವನು ಸೆಟ್ಟಿಂಗಿನಲ್ಲಿ ಬೆಂಬಲವಿಲ್ಲದ್ದನ್ನೂ ಚಾಲೂ ಮಾಡು ಎಂದು ತನ್ನ ಕೈಯಾರೆ ಬರೆಯಬೇಕು. ಒಳ್ಳೆಯದಕ್ಕೆ ಮುದ್ರೆ ಒತ್ತುವ ಬದಲು ಪರೀಕ್ಷೆಗೆ ಬಾರದ್ದಕ್ಕೆ ಗುರುತು ಹಾಕುವ ಈ ವಿದ್ಯೆಗೆ ಪ್ರಬಂಧಕಾರ ತಲೆಬಾಗುತ್ತಾನೆ. ‘ಅವರ ಹಟ್ಟ್ಯಾಗ ಅವರ ಹಿಂಡಿದ್ದು ಯಾರ್ ನೋಡ್ಯಾರ್ರಿ?’ ಎಂಬ ಕಟ್ಟರ್ ಮೂಡಲಗಿವಾದಿಯ ಆಕ್ಷೇಪ ಮಾತ್ರ ಸಣ್ಣದಲ್ಲ. ಪರೀಕ್ಷೆಯ ಪೂರ್ತಿ ದಾಖಲೆ ತೆರೆದಿರುವುದರಿಂದ ಸಂಶಯವಿದ್ದವನು ಓದಿ ನೋಡಬಹುದು ಎಂಬುದು ಉತ್ತರ. ಆ ದಾಖಲೆಯನ್ನು ಓದಿ ಮುಗಿಸಿದವನು ಇದ್ದಾನೆಯೇ ಎಂಬುದು ಬೇರೆ ಪ್ರಬಂಧದ ವಿಷಯ.

ಹುಕ್ಕೇರಿಯವರದು ಸೂಕ್ಷ್ಮ ದರ್ಶನ. ಮುದ್ರೆಗಿಂತ ಮೊದಲು ಒತ್ತುವ ಕೈ ಯಾರದು ಎಂದು ಇವರು ಕೇಳುತ್ತಾರೆ. ಕೇಳುವ ಅಧಿಕಾರವೂ ಅವರಿಗಿದೆ. ದೇಶದಲ್ಲಿ ಪ್ರಯೋಗಕ್ಕೆಂದು ಮೊದಲು ಕಟ್ಟಿದ ಐದು ಗ್ರಾಮೀಣ ವಿದ್ಯುತ್ ಸಹಕಾರ ಸಂಘಗಳಲ್ಲಿ ಹುಕ್ಕೇರಿಯದೂ ಒಂದು. ಹುಟ್ಟಿದ್ದು 1969ರಲ್ಲಿ, ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದಾಗ. ಸಿರಿಸಿಲ್ಲ, ಕೊಡಿನಾರ್, ಮುಳಾ-ಪ್ರವರಾ, ಲಖನೌ ಉಳಿದ ನಾಲ್ಕು. ಬೇರೆ ತಾಲ್ಲೂಕಿನವರು ಕರೆಂಟು ಹೋದರೆ ಹೆಸ್ಕಾಮನ್ನು ಬೈಯುತ್ತಾರೆ. ಇಲ್ಲಿಯವರು ಬೈಯುವುದು ತಮ್ಮದೇ ಸಂಘವನ್ನು, ಎಂದರೆ ಶಾಸ್ತ್ರೋಕ್ತವಾಗಿ ತಮ್ಮನ್ನೇ. ಸದಸ್ಯರೇ ಒಡೆಯರಾದ ಸಂಸ್ಥೆ, ಕಂಪನಿಗಳಿಂದ ಕೊಂಡ ಸಾಮಾನು: ಮುಕ್ತ ತಂತ್ರಾಂಶದ ಸಂಸಾರವೂ ಇದೇ.

ಹಾಗಾದರೆ ಈ ಸಂಘ ಮೀಟರಿಗೆ ತಾನೇ ‘ಪ್ರಮಾಣಿತ’ ಎಂದು ಬರೆಯುತ್ತದೆಯೇ? ಇಲ್ಲ. 2006ರ ಕೇಂದ್ರ ನಿಯಮಾವಳಿಯ ಪ್ರಕಾರ ಮೀಟರು ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಮಾನಕಕ್ಕೆ ಒಪ್ಪಬೇಕು, ಮುದ್ರೆ ಅವರದು. (ಮುದ್ರೆಯ ಮೇಲಿರುವ ಐಎಸ್‌ಐ ಎಂಬ ಸಂಸ್ಥೆ 1987ರಲ್ಲೇ ಬಿಐಎಸ್‌ನಲ್ಲಿ ಲೀನವಾಯಿತು, ಗೋಕಾಕ ಪಂಥದವರು ಇದನ್ನು ತಮ್ಮ ಗೆಲುವೆಂದು ಎಣಿಸುತ್ತಾರೆ.) ಆ ಮುದ್ರೆಯ ಬೆನ್ನಿಗೆ ಒಂದು ಕಾಯಿದೆ, ಪ್ರಯೋಗಾಲಯ, ಪರವಾನಗಿ ಕಿತ್ತುಕೊಳ್ಳುವ ಅಧಿಕಾರ ಇವೆ. ಅಷ್ಟಿದ್ದೂ ‘ಮೀಟರ್ ಭಾಳ ಜೋರ ಓಡತೈತ್ರಿ’ ಎಂದು ತಕರಾರು ಬಂದರೆ ಮತ್ತೆ ಅಳೆದೇ ನೋಡಬೇಕು.

ಮುಕ್ತ ಯೋಜನೆಯ ಬೆನ್ನಿಗೆ ಏನಿದೆ? 1991ರ ಜಿಪಿಎಲ್ ಎರಡನೇ ಆವೃತ್ತಿ ತೆಗೆದು ನೋಡಿ: ಹನ್ನೊಂದು, ಹನ್ನೆರಡನೇ ಕಲಮುಗಳು ಯಾವ ಖಾತ್ರಿಯೂ ಇಲ್ಲ, ಯಾವ ನಷ್ಟಕ್ಕೂ ಹೊಣೆಯಿಲ್ಲ ಎಂದು ದೊಡ್ಡಕ್ಷರದಲ್ಲಿ ಕೂಗುತ್ತವೆ. (ಕನ್ನಡಕ್ಕೆ ದೊಡ್ಡಕ್ಷರವಿಲ್ಲದ್ದರಿಂದ ಇಲ್ಲಿ ಮೆಲ್ಲಗೆ ಹೇಳಬೇಕಾಗಿದೆ.) ತಾನು ಬರೆದದ್ದಕ್ಕೇ ಖಾತ್ರಿ ಕೊಡದವನು ಕಂಪನಿ ಬರೆದದ್ದಕ್ಕೆ ಜಾಮೀನು ನಿಲ್ಲುವುದನ್ನು ಹುಕ್ಕೇರಿಯ ಯಾವ ಸೊಸೈಟಿಯೂ ಒಪ್ಪಲಾರದು. ರೆಡ್ ಹ್ಯಾಟ್, ಉಬುಂಟುವಿನ ಕ್ಯಾನೊನಿಕಲ್ ಪ್ರಮಾಣಪತ್ರ ಕೊಡುತ್ತವೆ, ಕೊಡಲಿ. ಅವು ದುಡ್ಡು ತೆಗೆದುಕೊಂಡು ರಾತ್ರಿ ಫೋನ್ ಎತ್ತುವ ಕಂಪನಿಗಳು, ಕಂಬ ಬಿದ್ದರೆ ಅವರ ಲೈನ್‌ಮನ್ ಬರುತ್ತಾನೆ. ಬಿಡುವಿನಲ್ಲಿ ಕೋಡ್ ಬರೆಯುವವರ ಹತ್ತಿರ ಲೈನ್‌ಮನ್ ಎಲ್ಲಿ?

ಆದಕಾರಣ ಸಿದ್ಧಾಂತ: ಯೋಜನೆಗಳು ‘ಪ್ರಮಾಣಿತ’ ಎಂದು ಬರೆಯಕೂಡದು. ಗಿರಾಕಿಗೆ ಏನಾದರೂ ಬರಹ ಬೇಕೇ ಬೇಕೆಂದರೆ ಹೀಗೆ ಬರೆಯಲಿ: ‘ಈ ಡ್ರೈವರನ್ನು ಇಂಥ ತಾರೀಕಿನಂದು, ಇಂಥ ಕರ್ನಲ್ಲಿನ ಮೇಲೆ, ಇಂಥ ಯಂತ್ರದಲ್ಲಿ, ಕಂಪನಿಯವರೇ ಓಡಿಸಿ ನೋಡಿದರು, ಓಡಿತು, ದಾಖಲೆ ತೆರೆದಿದೆ, ನಾಳೆ ಮತ್ತೆ ಓಡಿಸಲಾಗುವುದು.’ ಇಷ್ಟುದ್ದ ಡಬ್ಬಿಯ ಮೇಲೆ ಹಿಡಿಸುವುದಿಲ್ಲ ಎಂದು ಕಂಪನಿಗಳ ಮಾರಾಟ ವಿಭಾಗದವರು ಆಕ್ಷೇಪ ಎತ್ತುವುದು ಖಂಡಿತ. ಅದಕ್ಕೆ ಉತ್ತರವಾಗಿ, ಡಬ್ಬಿಯ ಒಂದು ಮಗ್ಗುಲನ್ನು ಪೂರ್ತಿ ಆಕ್ರಮಿಸಿಕೊಂಡಿರುವ ನಗುವ ಹುಡುಗಿಯ ಚಿತ್ರವನ್ನು ತೆಗೆಯಬಹುದು.