ಮೇಲಣ ಮಂಚ

ಅಗ್ಗದ ವಸತಿಗೃಹಗಳ ಆದಿಪುರುಷನಿಗೇ ನಿದ್ರೆ ಬರಲಿಲ್ಲವೆಂಬ ಚಾರಿತ್ರಿಕ ಸಂಗತಿಯನ್ನು ಬಲ್ಲವರು, ಅಲ್ಲಿ ತಮಗೂ ನಿದ್ರೆ ಬಾರದುದಕ್ಕಾಗಿ ಯಜಮಾನರನ್ನು ದೂಷಿಸಲಾರರು. 1909ರ ಆಗಸ್ಟ್ ತಿಂಗಳಲ್ಲಿ, ಜರ್ಮನಿಯ ಉಪಾಧ್ಯಾಯರಾದ ರಿಚರ್ಡ್ ಶಿರ್‌ಮನ್ನರು ಶಿಷ್ಯರೊಡನೆ ಕಾಲ್ನಡೆಯ ಪ್ರವಾಸದಲ್ಲಿದ್ದಾಗ ಬಿರುಮಳೆಗೆ ಸಿಕ್ಕಿ, ಹಳ್ಳಿಯ ಶಾಲೆಯೊಂದರಲ್ಲಿ ಒಣಹುಲ್ಲಿನ ಮೇಲೆ ಮಕ್ಕಳನ್ನು ಮಲಗಿಸಿ, ತಾವು ಮಾತ್ರ ಎಚ್ಚರವಿದ್ದು ಚಿಂತಿಸಿದುದರ ಫಲವಾಗಿ, 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ಯುವಜನರ ಹಾಸ್ಟೆಲು ಸ್ಥಾಪಿತವಾಯಿತು. ಗುರುಗಳು ಅಂದು ಆರಂಭಿಸಿದ ಜಾಗರಣೆಯನ್ನು ಶಿಷ್ಯಪರಂಪರೆ ಇಂದಿಗೂ ನಿಷ್ಠೆಯಿಂದ ನಡೆಸಿಕೊಂಡು ಬಂದಿದೆ.

ಯುರೋಪಿನ ಅಂಥದೊಂದು ಹಾಸ್ಟೆಲಿನಲ್ಲಿ ಎರಡಂತಸ್ತಿನ ಮಂಚದ ಮೇಲಣ ಭಾಗವು ನನ್ನ ಪಾಲಿಗೆ ಬಂದಿತು. ಏಣಿಯ ಪ್ರತಿಯೊಂದು ಮೆಟ್ಟಿಲೂ ಆರ್ತಸ್ವರವನ್ನು ಹೊರಡಿಸಿ, ಕೆಳಗಿನವರ ಶಾಪಕ್ಕೆ ನನ್ನನ್ನು ಗುರಿಮಾಡುತ್ತಿದ್ದುದರಿಂದ, ಬಾಯಾರಿಕೆಯನ್ನೂ ಅದಕ್ಕಿಂತ ಗುರುತರವಾದ ದೇಹಬಾಧೆಗಳನ್ನೂ ಯೋಗಿಯಂತೆ ನಿಗ್ರಹಿಸಿ ಮಲಗಿದೆನು. ಗೊರಕೆಗೆ ರಾಷ್ಟ್ರಭೇದವಿಲ್ಲ. ಆದರೆ ಗೊರಕೆಯನ್ನಾದರೂ ಸಹಿಸಬಹುದು. ಬ್ರಾಹ್ಮೀಮುಹೂರ್ತದಲ್ಲಿ ರೈಲು ಹಿಡಿಯಲೆಂದು ಎದ್ದು, ಪರರಿಗೆ ತೊಂದರೆಯಾಗಬಾರದೆಂಬ ಸದ್ಭಾವನೆಯಿಂದಲೇ, ಪ್ಲಾಸ್ಟಿಕ್ ಚೀಲವೊಂದನ್ನು ಕಾಲುಗಂಟೆಯಷ್ಟು ಕಾಲ ಮೆಲ್ಲಮೆಲ್ಲನೆ ಬಿಚ್ಚುವ ಸಜ್ಜನರಿದ್ದಾರಲ್ಲ, ಅವರನ್ನು ಕ್ಷಮಿಸುವುದು ಋಷಿಗಳಿಗೂ ಅಸಾಧ್ಯ. ಒಮ್ಮೆಗೇ ಪರಪರನೆ ಹರಿದು ಮುಗಿಸಬಾರದೇ!

ಸಾಮೂಹಿಕ ಪಾಕಶಾಲೆಯ ನೀತಿಶಾಸ್ತ್ರವೇ ಬೇರೆ. ಫ್ರಿಜ್ಜಿನಲ್ಲಿಡುವ ಪದಾರ್ಥಗಳ ಮೇಲೆ ಸ್ವಾಮಿತ್ವವನ್ನು ಘೋಷಿಸಿ ಹೆಸರು ಬರೆಯಬೇಕೆಂಬುದು ಅಲ್ಲಿಯ ನಿಯಮ. ಆದರೂ ಬೆಳಗಾಗುವಷ್ಟರಲ್ಲಿ ಅನೇಕರ ಹಾಲು ಅಂತರ್ಧಾನವಾಗಿತ್ತು. ಅಚ್ಚಗನ್ನಡದಲ್ಲಿ ಹೆಸರು ಬರೆದಿಟ್ಟ ನನ್ನ ಮೊಸರು ಮಾತ್ರ ಅಕ್ಷತವಾಗಿ ಉಳಿದಿತ್ತು. ಆ ದುಂಡಕ್ಷರಗಳನ್ನು ಕಂಡವರು ಅದನ್ನು ಔಷಧವೆಂದು ತಿಳಿದರೋ ಮಾಟವೆಂದು ತಿಳಿದರೋ, ನಾನಂತೂ ವಿಚಾರಿಸಲು ಹೋಗಲಿಲ್ಲ.