ಪಾದ್ರಿಖೇದದರ್ಪಣಂ

ಕುರಿಗಳನ್ನು ವರ್ಗೀಕರಿಸಿದ ಶಾಸ್ತ್ರಕಾರರು ಉಂಟು. ಕ್ರಿ.ಶ. 590ರ ಸುಮಾರಿಗೆ ಪೋಪ್ ಒಂದನೇ ಗ್ರೆಗೊರಿ, ಸಭಾಪಾಲಕರಿಗೆಂದೇ ಬರೆದ ಗ್ರಂಥದಲ್ಲಿ, ಬಡವ-ಬಲ್ಲಿದ, ನಗುವವ-ಅಳುವವ, ವಾಚಾಳಿ-ಮೌನಿ ಎಂದು ಭಕ್ತರನ್ನು ಜೋಡಿ ಜೋಡಿಯಾಗಿ ವಿಂಗಡಿಸಿ ಯಾರಿಗೆ ಹೇಗೆ ಬುದ್ಧಿ ಹೇಳಬೇಕೆಂದು ವಿಧಿಸಿದರು. ಕುರುಬ ತನ್ನ ಕಡೆ ನೋಡಿಕೊಳ್ಳಲು ಕೊನೆಯಲ್ಲಿ ಉಳಿದದ್ದು ಪುಟ್ಟದೊಂದು ಭಾಗ. ಅದರಲ್ಲೂ ಇರುವುದು, ಚೆನ್ನಾಗಿ ಪ್ರಸಂಗ ಮಾಡಿದೆನೆಂದು ಬೀಗಬೇಡ ಎಂಬ ಎಚ್ಚರಿಕೆ. ಈ ಲೋಪ ತುಂಬಲೆಂದೇ ಪ್ರಸ್ತುತ ಗ್ರಂಥ. ಕ್ಷೇತ್ರ: ಬೆಳ್ತಂಗಡಿ ತಾಲೂಕಿನ ನೆರಿಯ. ಅಧಿಕಾರಿ: ಅಚ್ಚನ್, ಫಾದರ್, ಪಾಸ್ಟರ್, ಅಯ್ಯನವರು ಇತ್ಯಾದಿ ನಾಮಧೇಯಗಳಿಂದ ಕರೆಯಲ್ಪಡುವ ದಣಿದ ಮನುಷ್ಯ.

ಖೇದ ನಾಲ್ಕು ವಿಧ.

ಮೊದಲನೆಯದು ಭಾಷಾಖೇದ. ಕೇರಳದಿಂದ ಬಂದು ಈ ಗುಡ್ಡಗಳಲ್ಲಿ ರಬ್ಬರ್ ನೆಟ್ಟವರಿದ್ದಾರೆ. ಅವರ ಸೀರೋ-ಮಲಬಾರ್ ಸಭೆಗೆ ಬೆಳ್ತಂಗಡಿಯಲ್ಲೇ 1999ರಲ್ಲಿ ಧರ್ಮಪ್ರಾಂತ್ಯವೂ ಆಯಿತು. ಇಲ್ಲಿಯ ಅಚ್ಚನ್ ಬೆಳಿಗ್ಗೆ ಮಲಯಾಳದಲ್ಲಿ ಕುರ್ಬಾನ ಅರ್ಪಿಸಿ, ಪಂಚಾಯತಿಗೆ ಕನ್ನಡದಲ್ಲಿ ಅರ್ಜಿ ಬರೆದು, ಪೇಟೆಯಲ್ಲಿ ತುಳುವಿನಲ್ಲಿ 'ಎಂಚ ಉಲ್ಲರ್' ಅಂದು, ಲ್ಯಾಟಿನ್ ಇಗರ್ಜಿಯ ಹಬ್ಬದೂಟವನ್ನು ಕೊಂಕಣಿಯಲ್ಲಿ ಹೊಗಳಬೇಕು. ಶಾಲೆಯಲ್ಲಿ ಕನ್ನಡ ಕಲಿತ ಹುಡುಗನಿಗೆ ಅಜ್ಜಿಯ ಪ್ರಾರ್ಥನೆ ಪುಸ್ತಕದ ಲಿಪಿ ಬಾರದು. ಅವನು ಮಲಯಾಳದ ಹಾಡನ್ನು ಕನ್ನಡ ಅಕ್ಷರದಲ್ಲಿ ಚೀಟಿ ಮಾಡಿಟ್ಟುಕೊಂಡು ಹಾಡುತ್ತಾನೆ. ಪ್ರಸಂಗದ ನಡುವೆ ಅವನು ಆಕಳಿಸಿದರೆ ದೋಷ ವ್ಯಾಕರಣದ್ದೋ ದೈವಶಾಸ್ತ್ರದ್ದೋ ಎಂಬ ಸಂಶಯ ಅಚ್ಚನನ್ನು ಸೋಮವಾರದವರೆಗೂ ಕಾಡುತ್ತದೆ. ಚಿಕಿತ್ಸೆ: ತುಳುವನ್ನು ಧೈರ್ಯವಾಗಿ ತಪ್ಪು ತಪ್ಪಾಗಿ ಮಾತಾಡುವುದು. ಸರಿಯಾಗಿ ಮಾತಾಡುವವರಿಗೆ ಊರು ನಮಸ್ಕಾರ ಹೇಳಿ ಮುಂದೆ ಹೋಗುತ್ತದೆ. ತಪ್ಪಾಗಿ ಮಾತಾಡುವವರನ್ನು ಕೂರಿಸಿ ಚಾ ಕೊಟ್ಟು ತಿದ್ದುತ್ತದೆ.

ಎರಡನೆಯದು ಫಲಖೇದ. 'ಇಷ್ಟು ವರ್ಷ ದುಡಿದು ಏನಾಯಿತು' ಎಂಬುದು ಇದರ ಲಕ್ಷಣ. ದೃಷ್ಟಾಂತ: ಬಾಸೆಲ್ ಮಿಶನ್ನಿನ ಪಾದ್ರಿ ಫರ್ಡಿನಾಂಡ್ ಕಿಟೆಲ್ ಭಾರತಕ್ಕೆ ಬಂದದ್ದು 1853ರಲ್ಲಿ, ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ನಡುವಿನ ಯಾವುದೋ ವರ್ಷದ ವರದಿಯಲ್ಲಿ 'ಈ ಸಲ ಕಕಾರ ಮುಗಿಯಿತು' ಎಂದು ಬರೆದರೆ ಯಾವ ಕಮಿಟಿ ತಲೆದೂಗೀತು?

ಮೂರನೆಯದು ಪಲಾಯನಖೇದ. ಇದಕ್ಕೆ ನಾಚಬೇಕಿಲ್ಲ. ಧರ್ಮಕೇಂದ್ರದ ಗುರುಗಳಿಗೆಲ್ಲ ಪಾಲಕಸಂತರಾದ ಜಾನ್ ವಿಯಾನ್ನಿಯವರೇ ಫ್ರಾನ್ಸಿನ ಆರ್ಸ್ ಹಳ್ಳಿಯಿಂದ ಒಂದಕ್ಕಿಂತ ಹೆಚ್ಚು ಸಲ ಓಡಿಹೋಗಲು ನೋಡಿದವರು. ಅವರ ಹಬ್ಬ ಆಗಸ್ಟ್ 4ಕ್ಕೆ, ನಮ್ಮ ಆಟಿ ತಿಂಗಳ ಮಳೆಯಲ್ಲಿ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದು, ಹೊಳೆ ತೋಟಗಳಿಗೆ ನುಗ್ಗಿದ ಹಾಗೆ ಆದರೆ ಓಡುವವರಿಗೂ ದಾರಿ ಬೇಕಲ್ಲ.

ನಾಲ್ಕನೆಯದು, ಎಲ್ಲಕ್ಕಿಂತ ದಾರುಣವಾದದ್ದು, ಉಪದೇಶಖೇದ. ಉಳಿದ ಮೂರನ್ನು ವಾಸಿಮಾಡಲು ಬಂದವರಿಂದ ಇದು ಹರಡುತ್ತದೆ. ಸಮಿತಿಜನ್ಯ, ಧ್ಯಾನಕೂಟಜನ್ಯ, ವಾಟ್ಸಾಪ್‌ಜನ್ಯ ಎಂದು ಉಪಭೇದಗಳು. ಮೂರರಲ್ಲೂ 'ಪ್ರಾರ್ಥನೆ ಮಾಡಿ ಫಾದರ್' ಎಂಬ ವಾಕ್ಯ ಸಾಮಾನ್ಯ. ಪ್ರಾರ್ಥನೆಯೇ ಕಸುಬಾದವರಿಗೆ ಈ ಮಾತು! ಪ್ರಮಾಣ: ಅರಸುಗಳು ಮೊದಲನೆಯ ಪುಸ್ತಕ, 19ನೇ ಅಧ್ಯಾಯ. ಸಾಕಪ್ಪಾ ಸಾಕು, ಸಾವು ಬರಲಿ ಎಂದು ಗಿಡದ ಬುಡದಲ್ಲಿ ಮಲಗಿದ ಎಲೀಯನ ಹತ್ತಿರ ದೂತ ಬಂದ. ಬುದ್ಧಿ ಹೇಳಲಿಲ್ಲ. ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಪ್ರವಾದಿ ತಿಂದು ಮತ್ತೆ ಮಲಗಿದ. ದೂತ ಮತ್ತೆ ಎಬ್ಬಿಸಿ ಮತ್ತೆ ಉಣಿಸಿದ. ಪ್ರಶ್ನೆಗಳೆಲ್ಲ ನಲವತ್ತು ದಿನ ಕಳೆದ ಮೇಲೆ.

ರೊಟ್ಟಿಯ ಸ್ಥಾನದಲ್ಲಿ ಕಪ್ಪ, ಅಂದರೆ ಮರಗೆಣಸು, ಮತ್ತು ಮೀನುಸಾರು ಸಲ್ಲುತ್ತದೆಯೇ ಎಂದು ಶಿಷ್ಯರು ಕೇಳುವುದುಂಟು. ಸಲ್ಲುತ್ತದೆ. ಆದರೆ ತಂದವರು, ಪಾತ್ರೆ ಖಾಲಿಯಾಗುವವರೆಗೆ, ಇಗರ್ಜಿಯ ಮಾಡು ಸೋರುವ ವಿಷಯ ಎತ್ತತಕ್ಕದ್ದಲ್ಲ.