ಅಜ್ಜಿಯ ಸಹಸ್ರನಾಮವೂ ನಮ್ಮ ಕತ್ತಲೆಕೋಣೆಯೂ

ಬಳ್ಳಿಗಾವಿಯಂಥ ಊರಿನಲ್ಲಿ ಹುಟ್ಟಿ ಬೆಳೆದವನೊಬ್ಬನು ಕ್ಯಾಮರಾ ಕೊಳ್ಳುವುದು ಒಂದು ಬಗೆಯ ಅಧಿಕಪ್ರಸಂಗವೆಂದೇ ಹೇಳಬೇಕು. ಚಾವುಂಡರಾಯನು 1047ರಲ್ಲಿ ನಿಲ್ಲಿಸಿದ ಭೇರುಂಡೇಶ್ವರನ ಕಂಬವು ಇಂದಿಗೂ ಸೆಟೆದು ನಿಂತಿದೆ. ಕೇದಾರೇಶ್ವರನ ಮೂರು ಗರ್ಭಗುಡಿಗಳೂ ತ್ರಿಪುರಾಂತಕೇಶ್ವರನ ಜಾಲಂಧ್ರಗಳೂ ಅಷ್ಟೊಂದು ಮಳೆಗಾಲಗಳನ್ನು ಕಂಡಮೇಲೂ ತಮ್ಮ ರೂಪವನ್ನು ತಾವೇ ಕಾಪಾಡಿಕೊಂಡು ಬಂದಿವೆ. ಹೀಗೆ ಕಲ್ಲೇ ಕಾಲವನ್ನು ಲೆಕ್ಕಿಸದೆ ಕುಳಿತಿರುವ ಸ್ಥಳದಲ್ಲಿ, ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿಯುವ ಕಾಗದದ ಮೇಲೆ ಆ ಕಲ್ಲಿನ ರೂಪವನ್ನು ಶಾಶ್ವತಗೊಳಿಸಲು ಹೊರಡುವ ಮನುಷ್ಯನ ಆತ್ಮವಿಶ್ವಾಸಕ್ಕೆ ಏನೆನ್ನೋಣ? ಇಲ್ಲಿಯ ಕೋಡಿಯ ಮಠದಲ್ಲಿ ವೇದ, ವ್ಯಾಕರಣ, ಷಡ್ದರ್ಶನ, ನಾಟಕಗಳ ವ್ಯಾಸಂಗ ನಡೆಯುತ್ತಿತ್ತೆಂದೂ, ದೀನರಿಗೂ ಕುಂಟರಿಗೂ ಕುರುಡರಿಗೂ ಅಲ್ಲಿ ಅನ್ನ ದೊರೆಯುತ್ತಿತ್ತೆಂದೂ 1162ರ ಶಾಸನವೊಂದು ಹೇಳುತ್ತದೆ. ಹವ್ಯಾಸಿ ಛಾಯಾಗ್ರಾಹಕನಿಗೆ ಆ ಪಟ್ಟಿಯಲ್ಲಿ ಎಲ್ಲಾದರೂ ಸ್ಥಾನವಿದ್ದರೆ ಅದು ಎರಡನೆಯ ಭಾಗದಲ್ಲಿಯೇ ಹೊರತು ಮೊದಲನೆಯದರಲ್ಲಿ ಅಲ್ಲ.

ಆದರೂ ಈ ಅಧಿಕಪ್ರಸಂಗಕ್ಕೆ ನಮ್ಮೂರಿನಲ್ಲಿ ತಕ್ಕಷ್ಟು ಹಳೆಯ ಪರಂಪರೆಯುಂಟು. ಛಾಯಾಗ್ರಹಣವು ಇನ್ನೂ ಬಾಲ್ಯಾವಸ್ಥೆಯಲ್ಲಿದ್ದ 1850ರ ದಶಕದಲ್ಲಿಯೇ, ವೃತ್ತಿಯಿಂದ ವೈದ್ಯನಾಗಿದ್ದ ವಿಲಿಯಂ ಹೆನ್ರಿ ಪಿಗೂ ಎಂಬಾತನು, ನಾಡಿ ಹಿಡಿಯಬೇಕಾದ ಕೈಯಲ್ಲಿ ಕ್ಯಾಮರಾ ಹಿಡಿದು ಇಲ್ಲಿಯ ಗುಡಿಗಳ ಮುಂದೆ ನಿಂತಿದ್ದನು. ಧಾರವಾಡ ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತು 1866ರಲ್ಲಿ ಲಂಡನ್ನಿನಲ್ಲಿ ಹೊರಬಂದ ದೊಡ್ಡ ಗ್ರಂಥದಲ್ಲಿ, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ನರ ಬರವಣಿಗೆಯೊಡನೆ ಅವನ ಚಿತ್ರಗಳು ಪ್ರಕಟವಾದವು. ಪಿಗೂವಿನ ಅನಂತರ ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿಯು ಮೈಸೂರು ಸಂಸ್ಥಾನದ ಶಾಸನಗಳನ್ನು ಒಂದೊಂದಾಗಿ ಚಿತ್ರಿಸಿದನು. ಆ ಚಿತ್ರಗಳನ್ನು ಮುಂದಿಟ್ಟುಕೊಂಡು ಬಿ. ಎಲ್. ರೈಸ್ ಅವರು ಅಕ್ಷರ ಅಕ್ಷರವಾಗಿ ಓದಿ, ಅನುವಾದಿಸಿ, 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಎಂಬ ಸಂಪುಟವನ್ನು ಹೊರತಂದರು. ತಾನು ತೆಗೆದ ಚಿತ್ರವನ್ನು ಮತ್ತೊಬ್ಬನು ಕೈಗೆತ್ತಿಕೊಂಡು ಹೀಗೆ ಮೂಲೆ ಮೂಲೆಯನ್ನೂ ಬಿಡದೆ ನೋಡುವ ಭಾಗ್ಯವು ಡಿಕ್ಸನ್ನನ ತರುವಾಯ ಈ ಪ್ರಾಂತದ ಯಾವ ಛಾಯಾಗ್ರಾಹಕನಿಗೂ ಒದಗಿದಂತೆ ನನಗೆ ತೋರುವುದಿಲ್ಲ.

ಆ ಕಾಲದವರ ಪಾಡನ್ನು ನೆನೆದರೆ ಮಾತ್ರ ಮೈ ಜುಮ್ಮೆನ್ನುತ್ತದೆ. 1851ರಲ್ಲಿ ಬಳಕೆಗೆ ಬಂದ ಹಸಿ ಗಾಜಿನ ವಿಧಾನವನ್ನು ಹಿಡಿದವನಂತೂ, ಗಾಜಿಗೆ ಲೇಪ ಹಚ್ಚಿ, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಅದು ಆರುವುದರೊಳಗಾಗಿ ಚಿತ್ರ ತೆಗೆದು, ಆರುವುದರೊಳಗಾಗಿಯೇ ತೊಳೆದು ಮುಗಿಸಬೇಕು. ಆದಕಾರಣ ಹೋದಲ್ಲೆಲ್ಲ ಒಂದು ಕಪ್ಪು ಡೇರೆಯನ್ನೂ ಔಷಧದ ಶೀಸೆಗಳನ್ನೂ ಗಾಡಿಯ ಮೇಲೆ ಹೇರಿಕೊಂಡು ಹೋಗಬೇಕು. ಅವನ ಮುಂದೆ ನಮ್ಮ ಕಷ್ಟ ಯಾವ ಲೆಕ್ಕದ್ದು? ನಮ್ಮದು ಆಗ್ಫಾ ಕ್ಲಿಕ್ ಕ್ಯಾಮರಾ; ಬರೋಡದಲ್ಲಿ ತಯಾರಾದದ್ದು; ದೂರ ಹೊಂದಿಸುವ ತಾಪತ್ರಯವಿಲ್ಲದ್ದು. ಒಂದು ರೋಲಿಗೆ 12 ಚಿತ್ರ. ಉದಕಮಂಡಲದ ಸರಕಾರಿ ಕಾರ್ಖಾನೆಯು ‘ಇಂದು’ ಎಂಬ ಹೆಸರಿನಿಂದ ಮಾರುತ್ತಿದ್ದ ಕಪ್ಪುಬಿಳುಪಿನ ರೋಲನ್ನು ಪೇಟೆಯಿಂದ ತರಿಸಿ, ಹಬ್ಬ ಮದುವೆ ಮುಂಜಿಗಳಿಂದ ಅದನ್ನು ಕಷ್ಟಪಟ್ಟು ಬಚ್ಚಿಟ್ಟು, ಶಿಲ್ಪಕ್ಕೆಂದೇ ಮೀಸಲಿಡುತ್ತಿದ್ದೆನು. ತ್ರಿಪುರಾಂತಕನ ಗುಡಿಯ ತಳಪಟ್ಟಿಯಲ್ಲಿ ಪಂಚತಂತ್ರದ ಕಥೆಗಳನ್ನು ಕೆತ್ತಿದ್ದಾರಷ್ಟೆ. ಅವು ನೆಲಕ್ಕೆ ಹತ್ತಿರವಾಗಿರುವುದರಿಂದ ಚಿತ್ರ ತೆಗೆಯತಕ್ಕವನು ಹೊಟ್ಟೆಯಡಿಯಾಗಿ ಮಲಗಲೇಬೇಕು. ಹಾಗೆ ಮಲಗಿ ಮಲಗಿ, ದೇವರ ಮುಂದೆ ಬಗ್ಗದವನೆಂದು ಮನೆಯಲ್ಲಿ ಹೆಸರಾಗಿದ್ದ ನನಗೆ ಊರಿನಲ್ಲಿ ಪರಮಶಿವಭಕ್ತನೆಂಬ ಖ್ಯಾತಿ ಪ್ರಾಪ್ತವಾಯಿತು. ಅದನ್ನು ನಾನು ನಿರಾಕರಿಸಲಿಲ್ಲ.

ರೋಲು ತೊಳೆಯುವ ಕೆಲಸ ನಡೆಯುತ್ತಿದ್ದುದು ಬಚ್ಚಲುಮನೆಯಲ್ಲಿ. ಹಗಲಿನಲ್ಲಿ ಹೆಂಚಿನ ಸಂದಿಯಿಂದ ಬೆಳಕು ಇಣುಕುತ್ತಿದ್ದುದರಿಂದಲೂ, ಡೆವಲಪರ್‌ಗೆ ಬೇಕಾದ 20 ಡಿಗ್ರಿಯ ತಂಪು ನಮ್ಮ ಸೀಮೆಯಲ್ಲಿ ರಾತ್ರಿಯ ಬಾವಿನೀರಿಗೂ ದುರ್ಲಭವಾಗಿದ್ದುದರಿಂದಲೂ, ಊಟವಾದಮೇಲೆ, ಹಂಡೆಯ ಒಲೆಯ ಕೆಂಡವನ್ನೆಲ್ಲ ಆರಿಸಿ, ಕೊಡದಲ್ಲಿ ತಂಪಾದ ನೀರಿಟ್ಟುಕೊಂಡು ಒಳಸೇರಬೇಕಾಗಿತ್ತು. ಇಂಥ ಸಂದರ್ಭದಲ್ಲಿ ಮನೆಮಂದಿಯೆಲ್ಲ ಅಸಹನೆಯಿಂದ ಗೊಣಗುವುದೇ ಲೋಕರೂಢಿ. ನಮ್ಮ ಮನೆಯಲ್ಲಿಯೂ ಉಳಿದವರು ಗೊಣಗಿದರು. ಈ ವಿದ್ಯೆಯ ಮರ್ಮವನ್ನು ಒಂದೇ ಮಾತಿಗೆ ಗ್ರಹಿಸಿದವಳೆಂದರೆ ಅಜ್ಜಿಯೊಬ್ಬಳೇ. ಬಾಗಿಲು ತೆರೆಯಕೂಡದು, ಒಳಗಿನ ಪದಾರ್ಥವನ್ನು ಮುಟ್ಟಕೂಡದು, ಒಂದು ಪಾತ್ರೆಯದು ಇನ್ನೊಂದಕ್ಕೆ ತಾಗಕೂಡದು, ಅಪಚಾರವಾದರೆ ಮೊದಲಿಂದ ಮಾಡಿದ್ದೆಲ್ಲ ವ್ಯರ್ಥ ಎಂದು ನಾನು ವಿವರಿಸುತ್ತಿದ್ದಂತೆ ಅವಳ ಮುಖದಲ್ಲಿ ಒಂದು ಪ್ರಸನ್ನತೆ ಮೂಡಿತು. ಜನ್ಮವೆಲ್ಲ ಮಡಿಯಲ್ಲಿ ಕಳೆದ ಅವಳಿಗೆ, ಕಡೆಗೂ ವಂಶದಲ್ಲಿ ಒಬ್ಬನಿಗೆ ಬುದ್ಧಿ ಬಂದಂತೆ ಕಂಡಿತೋ ಏನೋ. ಅಂದಿನಿಂದ ಬಾಗಿಲ ಹೊರಗೆ ಮಣೆ ಹಾಕಿಕೊಂಡು ತಾನೇ ಕಾವಲು ಕುಳಿತಳು. “ಹುಡುಗ ಒಳಗೆ ಮಡೀಲಿದ್ದಾನೆ, ಬಾಗಿಲು ಮುಟ್ಟೀರಿ, ಜೋಕೆ!” ಎಂದು ಅವಳು ಗದರಿದರೆ ಮನೆಯ ಯಜಮಾನರಾದ ನಮ್ಮ ದೊಡ್ಡಪ್ಪನವರೂ ಹೊರಗಿನ ಬಾವಿಕಟ್ಟೆಯಲ್ಲಿಯೇ ಕಾಲು ತೊಳೆದು ಬರುತ್ತಿದ್ದರು. ಫಿಲ್ಮಿನ ಮೇಲೆ ಬೆಳ್ಳಿಯ ಲವಣವನ್ನು ಹಿಡಿದಿಡುವ ಜೆಲಾಟಿನ್ ಎಂಬ ಅಂಟನ್ನು ದನದ ಮೂಳೆ ಚರ್ಮಗಳಿಂದ ತೆಗೆಯುತ್ತಾರೆಂಬ ವಿಷಯವನ್ನು ನಾನು ಆಕೆಗೆ ಜೀವಾವಧಿ ತಿಳಿಸಲಿಲ್ಲ. ಶಾಸ್ತ್ರದ ಎಲ್ಲ ರಹಸ್ಯವನ್ನೂ ಎಲ್ಲರಿಗೂ ಹೇಳತಕ್ಕದ್ದಲ್ಲ.

ಕಾವಲಿಗಿಂತಲೂ ಹೆಚ್ಚಿನ ಉಪಕಾರವನ್ನು ಅಜ್ಜಿ ಮಾಡಿದ್ದುಂಟು. ತೊಟ್ಟಿ ಮುಚ್ಚಳಗಳ ಸೌಕರ್ಯವಿಲ್ಲದ ನಾನು ಫಿಲ್ಮಿನ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು, ತಟ್ಟೆಯಲ್ಲಿದ್ದ ಡೆವಲಪರ್‌ನೊಳಗೆ ಒಂದು ಕೈ ಮೇಲೆ ಒಂದು ಕೈ ಕೆಳಗೆ ಮಾಡುತ್ತ, ಕಣ್ಣೆದುರಿನ ಕೈಯೂ ಕಾಣದ ಕಗ್ಗತ್ತಲೆಯಲ್ಲಿ ಆ ಉದ್ದದ ನಾಲಗೆಯನ್ನು ತೇಲಿಸಿ ಮುಳುಗಿಸಿ ಎಳೆದಾಡಬೇಕು. ಬೆರಳಿಗೆ ಒಂದು ಬದಿ ನುಣುಪು, ಇನ್ನೊಂದು ಬದಿ ಲೋಳೆ. ತೋಳು ಸೋತರೂ ನಿಲ್ಲಿಸುವಂತಿಲ್ಲ, ಮೂಗು ತುರಿಸಿದರೂ ಮುಟ್ಟುವಂತಿಲ್ಲ. ಇಂಥಲ್ಲಿ ಗಡಿಯಾರ ನೋಡುವುದು ಹೇಗೆ? ಅಜ್ಜಿ ಹೊರಗಿನಿಂದ ವಿಷ್ಣುಸಹಸ್ರನಾಮವನ್ನು ಹೇಳುವಳು. ಐನೂರನೆಯ ನಾಮದ ಆಸುಪಾಸಿಗೆ ಡೆವಲಪರ್‌ನಿಂದ ಎತ್ತಿ ನೀರಿನಲ್ಲಿ ಜಾಲಿಸಿ ಹೈಪೋದಲ್ಲಿ ಬಿಟ್ಟರೆ, ಸಾವಿರ ಮುಗಿಯುವ ವೇಳೆಗೆ ಚಿತ್ರ ಸ್ಥಿರ. ಫಲಶ್ರುತಿಗೆ ದೀಪ ಹಚ್ಚಬಹುದು. ಈ ಏರ್ಪಾಡಿನಲ್ಲಿ ಇದ್ದ ದೋಷ ಒಂದೇ. ಏಕಾದಶಿಯಂದು ಉಪವಾಸದ ದೆಸೆಯಿಂದ ಪಾರಾಯಣವು ನಿಧಾನಗತಿಯಲ್ಲಿ ಸಾಗುತ್ತಿತ್ತಾಗಿ, ಆ ದಿನ ತೊಳೆದ ನೆಗೆಟಿವ್‌ಗಳೆಲ್ಲ ಒಂದು ಪಟ್ಟು ಹೆಚ್ಚು ಕಪ್ಪಾಗಿ ಬರುತ್ತಿದ್ದವು. ಮರುದಿನ ದ್ವಾದಶಿಯ ಪಾರಣೆಯಾದ ಹುರುಪಿನ ಪಾರಾಯಣಕ್ಕೆ ತೊಳೆದವು ತೆಳು. ನೆಗೆಟಿವ್ ನೋಡಿ ತಿಥಿ ಹೇಳಬಲ್ಲವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇದ್ದಿರಬೇಕು.

ಔಷಧದ ಕಥೆ ಬೇರೆ. ಡಿ-76 ಎಂಬ ಹೆಸರಾಂತ ಸೂತ್ರದಂತೆ ಒಂದು ಲೀಟರಿಗೆ 2 ಗ್ರಾಂ ಮೆಟಾಲ್, 100 ಗ್ರಾಂ ಸೋಡಿಯಂ ಸಲ್ಫೈಟ್, 5 ಗ್ರಾಂ ಹೈಡ್ರೋಕ್ವಿನೋನ್, 2 ಗ್ರಾಂ ಬೊರಾಕ್ಸ್ ಬೇಕು. ನೂರು ಗ್ರಾಮನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಬಹುದು. ಎರಡು ಗ್ರಾಮನ್ನು ತೂಗುವವರಾರು? ಶಿರಾಳಕೊಪ್ಪದ ವೃದ್ಧ ಅಕ್ಕಸಾಲಿಗರೊಬ್ಬರಲ್ಲಿಗೆ ಹೋದೆನು. ಅವರು ಮೆಟಾಲಿನ ಪುಡಿಯನ್ನು ಮೂಸಿ, ಬೆಳಕಿಗೆ ಹಿಡಿದು, ಬಂಗಾರವಲ್ಲವೆಂದು ಖಚಿತಪಡಿಸಿಕೊಂಡು, ಸುಮಾರು ಹದಿನಾರು ಗುಲಗಂಜಿಯ ತೂಕಕ್ಕೆ ಅದನ್ನು ಅಳೆದುಕೊಟ್ಟರು. ಬೊರಾಕ್ಸ್ ಎಂದರೆ ಬೆಸುಗೆಗೆ ತಾವು ದಿನವೂ ಬಳಸುವ ಬಿಳಿಗಾರವೆಂದು ತಿಳಿದಮೇಲೆ ನನ್ನನ್ನು ತಮ್ಮ ಕಸುಬಿನವನೇ ಎಂದು ಭಾವಿಸಿ ಕುಳ್ಳಿರಿಸಿಕೊಂಡರು. ಮಾತಿಗೆ ಮಾತು ಬಂದು, ಬಳಸಿ ಬಿಟ್ಟ ಹೈಪೋ ನೀರಿನಲ್ಲಿ ಫಿಲ್ಮಿನ ಬೆಳ್ಳಿಯು ಕರಗಿ ಉಳಿದಿರುತ್ತದೆಂದು ನಾನು ಹೇಳಿದ್ದೇ ತಡ, ತೂಕದ ಕೂಲಿಗೆ ಬದಲಾಗಿ ಆ ನೀರನ್ನೇ ತಂದುಕೊಡಬೇಕೆಂದು ಕರಾರಾಯಿತು. ಅವರು ಅದರಲ್ಲಿ ತಾಮ್ರದ ತಗಡನ್ನು ನೆನೆಯಿಟ್ಟು, ಅದರ ಮೇಲೆ ಬೂದುಬಣ್ಣದ ಪೊರೆ ಕೂತದ್ದನ್ನು ಕೆರೆದು, ಒಂದು ಚಿಟಿಕೆ ಬೆಳ್ಳಿಯನ್ನು ನಿಜವಾಗಿಯೂ ತೆಗೆದರು. ನನ್ನ ಛಾಯಾಗ್ರಹಣದಿಂದ ಯಾರಿಗಾದರೂ ದ್ರವ್ಯಲಾಭವಾದದ್ದು ಹೀಗೆ.

ಈಚೆಗೆ ನಮ್ಮ ಮನೆಯ ಹುಡುಗನೊಬ್ಬನು, ಮೊಬೈಲಿನ ಚಿತ್ರಗಳಿಂದ ಬೇಸತ್ತು ಅಟ್ಟದಿಂದ ಆ ಹಳೆಯ ಕ್ಯಾಮರಾವನ್ನು ಇಳಿಸಿಕೊಂಡು, ಇಷ್ಟೆಲ್ಲ ಔಷಧವೇಕೆ, ಇನ್‌ಸ್ಟಂಟ್ ಕಾಫಿಪುಡಿಯೂ ಬಟ್ಟೆಯ ಸೋಡವೂ ವಿಟಮಿನ್ ಸಿ ಮಾತ್ರೆಯೂ ಸಾಕೆಂದು ಸಾಧಿಸಿ ತೋರಿಸಿದನು. ಅಮೆರಿಕದ ರೋಚೆಸ್ಟರಿನ ವಿದ್ಯಾರ್ಥಿಗಳು 1995ರಲ್ಲಿ ಕಾಫಿಯಿಂದ ಫಿಲ್ಮು ತೊಳೆದು ತೋರಿಸಿದಮೇಲೆ ಹವ್ಯಾಸಿಗಳೆಲ್ಲ ಇದನ್ನು ಹಿಡಿದಿದ್ದಾರಂತೆ. ಚಿತ್ರವೇನೋ ಬಂದಿತು. ಬಚ್ಚಲುಮನೆಯ ನಾತ ಮಾತ್ರ ಎರಡು ದಿನವಾದರೂ ಹೋಗಲಿಲ್ಲ. “ಕಾಫಿ ಕುಡಿಯೋಕಾದ್ರೆ ಕುಡೀರಿ, ಫೋಟೋಕ್ಕೆ ಕುಡಿಸೋದು ಬೇಡ” ಎಂದು ಅತ್ತಿಗೆಯವರು ಡಬ್ಬಿಯನ್ನು ಬೀರುವಿಗೆ ಸೇರಿಸಿ ಬೀಗ ಹಾಕಿದರು.

ಇನ್ನು ಚಿತ್ರಗಳನ್ನು ನಾಲ್ವರಿಗೆ ತೋರಿಸುವ ಮಾತು. ಬೆಂಗಳೂರಿನವರಿಗೆ ಇದಕ್ಕೆಂದೇ ಸಂಘಗಳುಂಟು; 1971ರಲ್ಲಿ ಸ್ಥಾಪಿತವಾದ ಯೂತ್ ಫೋಟೋಗ್ರಫಿಕ್ ಸೊಸೈಟಿಯಂಥವು; ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥ ಮಹನೀಯರು ಓಡಾಡಿದ ನಗರ ಅದು. ನಮಗಾದರೋ ಸಂಘವೆಂದರೆ ಒಂದು ಕಂದು ಲಕೋಟೆ. ಶಿಕಾರಿಪುರದ ಡ್ರಾಯಿಂಗ್ ಮೇಷ್ಟರು, ಶಿರಾಳಕೊಪ್ಪದ ಕಾಂಪೌಂಡರು, ಸೊರಬದ ಗುಡಿಗಾರರು, ನಾನು: ಇಷ್ಟು ಜನ ಸದಸ್ಯರು. ಒಬ್ಬೊಬ್ಬರೂ ತಮ್ಮ ಚಿತ್ರವನ್ನು ರಟ್ಟಿಗೆ ಅಂಟಿಸಿ ಲಕೋಟೆಯಲ್ಲಿಟ್ಟು ಬಸ್ಸಿನ ಕಂಡಕ್ಟರರ ಕೈಯಲ್ಲಿ ಮುಂದಿನ ಊರಿಗೆ ಕಳುಹಿಸುವುದು. ಅವರು ರಟ್ಟಿನ ಬೆನ್ನ ಮೇಲೆ ಅಭಿಪ್ರಾಯ ಬರೆದು ಮುಂದಕ್ಕೆ ದಾಟಿಸುವುದು. ಮೇಷ್ಟರು ಎಲ್ಲ ಚಿತ್ರಗಳಲ್ಲಿಯೂ ಏನಾದರೊಂದನ್ನು ಕತ್ತರಿಸಲು ಹೇಳುತ್ತಿದ್ದರು. ಕಾಂಪೌಂಡರು ಎನ್‌ಲಾರ್ಜರ್ ಉಳ್ಳವರಾದ ಕಾರಣ ಅಭಿಪ್ರಾಯಕ್ಕೆ ಬದಲು ಅಳತೆಗಳನ್ನಷ್ಟೇ ಬರೆಯುವರು. ವಿಮರ್ಶೆಯೆಂದು ಕರೆಯಬಹುದಾದದ್ದು ತಲೆಮಾರುಗಳಿಂದ ಗಂಧದ ಮರವನ್ನು ಕೆತ್ತಿ ಬಂದ ಗುಡಿಗಾರರದು. ನಟ್ಟ ನಡುಹಗಲಲ್ಲಿ ತೆಗೆದ ನನ್ನ ಕೇದಾರೇಶ್ವರನ ಚಿತ್ರದ ಹಿಂದೆ, “ಬೆಳಕು ಉಳಿಯ ಹಾಗೆ ಓರೆಯಾಗಿ ತಾಕಬೇಕು, ಗುಡಿ ಪೂರ್ವಾಭಿಮುಖ, ಬೆಳಗ್ಗೆ ಎದ್ದು ಹೋಗಿ” ಎಂದು ಬರೆದಿದ್ದರು. ಆ ಒಂದು ಸಾಲಿನಿಂದ ಕಲಿತಷ್ಟನ್ನು ನಾನು ಯಾವ ಪುಸ್ತಕದಿಂದಲೂ ಕಲಿತಿಲ್ಲ. ಸವೆದು ಹೋದ ಶಾಸನದ ಅಕ್ಷರ ಕೂಡ ಓರೆ ಬೆಳಕಿನಲ್ಲಿ ಎದ್ದು ಓದಿಸಿಕೊಳ್ಳುತ್ತದೆ.

ಕಂಡಕ್ಟರರು ಸಂಘದ ಅಧಿಕೃತ ಸದಸ್ಯರಲ್ಲದಿದ್ದರೂ ಲಕೋಟೆಯನ್ನು ದಾರಿಯುದ್ದಕ್ಕೂ ಪ್ರಯಾಣಿಕರಲ್ಲಿ ಹಂಚಿ, ಇಳಿಯುವ ಮುನ್ನ ವಾಪಸು ಪಡೆಯುತ್ತಿದ್ದರು. ಪರಿಣಾಮವಾಗಿ ರಟ್ಟಿನ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಅಪರಿಚಿತ ವಿಮರ್ಶೆಗಳೂ ಕಾಣಿಸಿಕೊಂಡವು. “ಜಗಲಿಯ ಮೇಲೆ ಕೂತವರು ನಮ್ಮ ಮಾವನವರು, ಒಂದು ಕಾಪಿ ಬೇಕು” ಎಂಬುದು ತ್ರಿಪುರಾಂತಕನ ಜಾಲಂಧ್ರದ ಅತ್ಯುತ್ತಮ ಚಿತ್ರಕ್ಕೆ ದೊರೆತ ಪ್ರಶಸ್ತಿ. ಜಾಲಂಧ್ರದ ಮಾತನ್ನು ಯಾರೂ ಎತ್ತಿದಂತಿಲ್ಲ.

ಗುಡಿಗಾರರ ಮಾತಿನಂತೆ ಬೆಳಗಿನ ಜಾವದಲ್ಲಿ ಹೋಗಿ ಕೇದಾರೇಶ್ವರನ ಮುಂದೆ ಕಾದು ನಿಂತು, ಬಿಸಿಲು ಗೋಪುರದ ಮೇಲಿಂದ ಇಳಿದು ಕಂಬಗಳ ತಿರುವನ್ನು ತಾಕುವ ಸರಿಯಾದ ಗಳಿಗೆಗೆ ಗುಂಡಿಯೊತ್ತಿದೆನು. ಅದೇ ಗಳಿಗೆಗೆ ಎಮ್ಮೆಯೊಂದು ಬಲಗಡೆಯಿಂದ ಸಾವಧಾನವಾಗಿ ಪ್ರವೇಶಿಸಿ, ನಡುವೆ ನಿಂತು, ಕ್ಯಾಮರಾದ ಕಡೆ ಮುಖ ತಿರುಗಿಸಿತು. ಲಕೋಟೆ ಸುತ್ತಿ ಬಂದಿತು. ಎಮ್ಮೆಯನ್ನು ಕತ್ತರಿಸಿ ಎಂದರು ಮೇಷ್ಟರು. ಎಮ್ಮೆಯಿಂದಲೇ ಗುಡಿಯ ಎತ್ತರ ತಿಳಿಯುವುದು, ಮುಟ್ಟಬೇಡಿ ಎಂದರು ಗುಡಿಗಾರರು. ದೂರದ ಒಂದು ಪ್ರದರ್ಶನಕ್ಕೆ ಕಳುಹಿಸಿದೆನು. ಅದು ತಿರಸ್ಕೃತವಾಗಿ, ಮರಳಿ ಬರುವ ಅಂಚೆಯ ವೆಚ್ಚವನ್ನೂ ಇಟ್ಟಿದ್ದರಿಂದ, ಸುಕ್ಷೇಮವಾಗಿ ಹಿಂದಿರುಗಿತು. ಅಷ್ಟರಲ್ಲಿ ಬಸ್ಸಿನಲ್ಲಿ ಅದನ್ನು ನೋಡಿದ್ದ ಎಮ್ಮೆಯ ಒಡೆಯನೇ ಮನೆಗೆ ಬಂದನು. ಬಹಳ ಹೊತ್ತು ಚಿತ್ರವನ್ನು ಕೈಯಲ್ಲಿ ಹಿಡಿದು ನೋಡಿ, “ಅಯ್ನೋರೆ, ಎಮ್ಮಿ ಭಾಳ ಚೆಂದ ಬಂದೈತ್ರಿ. ಹಿಂದಿನ ಗುಡಿ ಒಂದು ಕೋಡಿಗೆ ಅಡ್ಡ ಬಂದೈತಿ ನೋಡ್ರಿ, ಅದನ್ನೊಂದು ತೆಗೆದು ಕೊಡ್ರಿ. ಬ್ಯಾಂಕಿನವರು ಸಾಲದ ಅರ್ಜಿಗೆ ಫೋಟೋ ಕೇಳ್ಯಾರ” ಎಂದನು. ಕಾಂಪೌಂಡರ ಎನ್‌ಲಾರ್ಜರಿನ ಕೆಳಗೆ ರಟ್ಟಿನ ತುಂಡು ಅಡ್ಡ ಹಿಡಿದು, ದಕ್ಷಿಣ ಕೇದಾರವೆಂದು ಪ್ರಸಿದ್ಧವಾದ ಆ ಕ್ಷೇತ್ರವನ್ನು ಎರಡು ಪ್ರತಿಗಳಲ್ಲಿ ಸಂಪೂರ್ಣವಾಗಿ ಅಳಿಸಿ, ಎಮ್ಮೆಯೊಂದನ್ನೇ ಉಳಿಸಿದೆವು. ಬ್ಯಾಂಕಿನವರು ಆ ಚಿತ್ರವನ್ನು ಯಾವ ತಕರಾರೂ ಇಲ್ಲದೆ ಅಂಗೀಕರಿಸಿದರು. ಮುಂದಿನ ವಾರ ಅವನ ಅಣ್ಣ, ತನ್ನ ಎತ್ತುಗಳನ್ನು ಹೊಡೆದುಕೊಂಡು, ಬೆಳಗಿನ ಜಾವಕ್ಕೇ ಬಂದು ನಮ್ಮ ಅಂಗಳದಲ್ಲಿ ನಿಂತಿದ್ದನು.